ಸಮುದ್ರದ ದಾರಿಯಲ್ಲಿ ಸಿಕ್ಕ ಅಡುಗೆಮನೆಗಳ ಕುರಿತು ಅಡ್ಮಿನ್ ಹೊಳಬಸಪ್ಪನವರಿಗೆ

ಮಾನ್ಯರೇ, ಜಮಖಂಡಿಯ 'ಸುಖಪ್ರಯಾಣ' ವಾಟ್ಸಾಪ್ ಬಳಗದ ಸ್ಥಾಪಕರೂ ಏಕಮೇವ ಅಡ್ಮಿನ್ನರೂ ಆದ ಶ್ರೀ ಹೊಳಬಸಪ್ಪನವರೇ,

ತಮ್ಮ ಪಾದಗಳಿಗೂ, ಆ ಪಾದಗಳು ತುಳಿಯದಿದ್ದರೂ ತಮ್ಮ ಹೆಬ್ಬೆರಳು ಮೊಬೈಲಿನ ಮೇಲೆ ಓಡಾಡಿ ಸುತ್ತಿ ಬಂದಿರುವ ಸಕಲ ಪ್ರೇಕ್ಷಣೀಯ ಸ್ಥಳಗಳಿಗೂ ಈ ಬಡ ಸದಸ್ಯೆಯ ನಮಸ್ಕಾರಗಳು. ತಾವು, ತಮ್ಮ ಮೊಬೈಲು ಮತ್ತು ಅದರ ಚಾರ್ಜರು ಮೂವರೂ ಕ್ಷೇಮವೆಂದು ನಂಬಿದ್ದೇನೆ. ನಾನು ಹುನ್ನೂರಿನ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಗಂಗಾಂಬಿಕಾ. ಗೋಡೆಗೆ ಭೂಪಟ ತೂಗುಹಾಕಿ, ಕೋಲಿನ ತುದಿಯಿಂದ ಎಡಗಡೆಯ ನೀಲಿ ಬಣ್ಣವನ್ನು ತಟ್ಟಿ 'ಇದು ಅರಬ್ಬಿ ಸಮುದ್ರ' ಎಂದು ಮಕ್ಕಳಿಗೆ ಹೇಳುವುದು ನನ್ನ ಉದ್ಯೋಗ, ಮತ್ತು ಅದನ್ನು ಒಮ್ಮೆಯೂ ಕಣ್ಣಾರೆ ಕಾಣದೆ ಇಷ್ಟು ವರ್ಷ ಹೇಳುತ್ತ ಬಂದದ್ದು ನನ್ನ ಭಂಡ ಧೈರ್ಯ.

ಮೊದಲಿಗೆ ತಮ್ಮ ಸೇವೆಯನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ತಮ್ಮ ಬಳಗ ಹುಟ್ಟಿದ ಮೇಲೆ ನಮ್ಮ ಭಾಗದಲ್ಲಿ ಯಾರೊಬ್ಬರೂ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದನ್ನು ನಾನು ಕಂಡಿಲ್ಲ. ಪ್ರವಾಸ ಹೊರಡುವವರು ತಾರೀಖು, ದಾರಿ, ಗಾಡಿ, ಜೊತೆಗಿರುವವರ ಹೆಸರು ಎಲ್ಲವನ್ನೂ ಮುಂಚಿತವಾಗಿ ಬಳಗದಲ್ಲಿ ಹಾಕತಕ್ಕದ್ದು, ಉಳಿದ ಸದಸ್ಯರು ತಮ್ಮ ತಮ್ಮ ಅನುಭವದಿಂದ ಸಲಹೆ ಕೊಡತಕ್ಕದ್ದು, ಅನುಭವವಿಲ್ಲದವರು ಇನ್ನೂ ಹೆಚ್ಚು ಕೊಡತಕ್ಕದ್ದು ಎಂಬ ತಮ್ಮ ನಿಯಮದಿಂದ ಜನರ ಜ್ಞಾನ ಎಷ್ಟು ಬೆಳೆದಿದೆಯೆಂದರೆ, ಊಟಿಗೆ ಹೊರಟವರಿಗೆ ಮಹಾಬಳೇಶ್ವರವೇ ಛಲೋ ಎಂದೂ, ಮಹಾಬಳೇಶ್ವರಕ್ಕೆ ಹೊರಟವರಿಗೆ ಅಂಬೋಲಿ ಸಾಕೆಂದೂ, ಅಂಬೋಲಿಗೆ ಹೊರಟವರಿಗೆ ಗೋಕಾಕ ಫಾಲ್ಸ್ ಏನು ಪಾಪ ಮಾಡಿದೆಯೆಂದೂ, ಗೋಕಾಕಕ್ಕೆ ಹೊರಟವರಿಗೆ ಈಗ ನೀರಿಲ್ಲ, ಮನೆಯಲ್ಲೇ ಬಿದ್ದಿರಿ ಎಂದೂ ತಿಳಿಸಿ ತಾವು ಅನೇಕರ ಪ್ರಯಾಣದ ದಣಿವನ್ನು ತಪ್ಪಿಸಿದ್ದೀರಿ. ತಾಜಮಹಲು ನೋಡಲು ಹೊರಟಿದ್ದ ಮುಧೋಳದ ನವದಂಪತಿಗೆ 'ಗೋಳಗುಮ್ಮಟದಾಗ ಒದರಿದ್ರ ಗ್ವಾಡಿ ತಿರಗಿ ಮಾತಾಡತೈತಿ, ತಾಜಮಹಲದಾಗ ಒದರಿದ್ರ ಪೊಲೀಸ ಬರ್ತಾನ, ವಿಚಾರ ಮಾಡ್ರಿ' ಎಂದು ತಾವು ಬರೆದದ್ದನ್ನು ನಾನು ಇನ್ನೂ ಅಳಿಸಿಲ್ಲ. ಕೇರಳಕ್ಕೆ ಹೋಗುವವರಿಗೆ ಬೀಳಗಿಯ ಮುರಗೆಪ್ಪನವರು 'ಒಂದ ಡಬ್ಬಿ ಕಟಕ ರೊಟ್ಟಿ ಒಯ್ಯಿರಿ, ಅಲ್ಲಿ ಅನ್ನಾ ಉಂಡ ಉಂಡ ಹಸದ ಸಾಯ್ತೀರಿ' ಎಂದು ಎಚ್ಚರಿಸಿದ್ದಂತೂ ಜೀವ ಉಳಿಸುವ ಕೆಲಸ.

ಇನ್ನು ನನ್ನ ವಿಷಯ. ನನ್ನ ಆಸೆ ದೊಡ್ಡದಾಗಿರಲಿಲ್ಲ ಮಾನ್ಯರೇ. ಮೂರು ದಿನ ಸಮುದ್ರದ ದಂಡೆಯ ಮೇಲೆ ಕುಳಿತುಕೊಳ್ಳಬೇಕು. ಒಲೆ ಹಚ್ಚಬಾರದು, ಯಾರಿಗೂ ಚಹಾ ಸೋಸಿ ಕೊಡಬಾರದು, ಬೇರೆ ಯಾರೋ ಮಾಡಿಕೊಟ್ಟ ಚಹಾ ಕುಡಿದು ಕಪ್ಪನ್ನು ಕುಡಿದಲ್ಲೇ ಬಿಟ್ಟು ಎದ್ದು ಹೋಗಬೇಕು. ಮದುವೆಯಾದಾಗಿನಿಂದ ನಾನು ಬಾಯಿಬಿಟ್ಟು ಕೇಳಿದ್ದು ಇಷ್ಟೇ. ನನ್ನ ಯಜಮಾನರಾದ ಸಂಜಯ ಅವರು ಭಾಳ ಸಂಭಾವಿತರು, ಯಾರಿಗೂ ಇಲ್ಲ ಎನ್ನಲು ಬಾರದವರು, ಆದ್ದರಿಂದ ನನಗೂ ಹೂಂ ಎಂದು ಕಳೆದ ದಸರೆಯ ರಜೆಗೆ ಒಂದು ಕ್ರೂಸರ್ ಗಾಡಿ ಗೊತ್ತುಮಾಡಿದರು. ಡ್ರೈವರ್ ಅಮೋಲನಿಗೆ ಕೊಂಕಣದ ದಂಡೆಯ ಮಾಲವಣದ ದಾರಿ ಕಣ್ಣುಮುಚ್ಚಿ ಹೋಗುವಷ್ಟು ಗೊತ್ತಿತ್ತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ನೆಟ್ಟಗಿರುತ್ತಿತ್ತು. ಆದರೆ ಅವರು ತಮ್ಮ ಬಳಗದ ನಿಷ್ಠಾವಂತ ಸದಸ್ಯರಲ್ಲವೇ, 'ಬನಹಟ್ಟಿ, ತೇರದಾಳ, ಹಾರೂಗೇರಿ, ಚಿಕ್ಕೋಡಿ, ನಿಪ್ಪಾಣಿ ಮ್ಯಾಲಿಂದ ಮಾಲವಣ' ಎಂದು ದಾರಿಯನ್ನು ಬಿಡಿಸಿ ಬಳಗದಲ್ಲಿ ಹಾಕಿಯೇಬಿಟ್ಟರು.

ಸಲಹೆಗಳು ಧೋ ಎಂದು ಸುರಿದವು. ಗಲಗಲಿಯ ಹೊಳೆಪ್ಪನವರು 'ಅಷ್ಟ ದೂರ ಯಾಕ ಹೋಗ್ತೀರಿ, ನಮ್ಮ ಹೊಳಿ ದಂಡಿಗೆ ಬರ್ರಿ, ನೀರೂ ಐತಿ, ಉಸುಕೂ ಐತಿ, ಉಪ್ಪ ಬೇಕಂದ್ರ ಮನಿಯಿಂದ ತರ್ರಿ' ಎಂದರು. ತಾವು ಮಾತ್ರ ದೊಡ್ಡ ಮನಸ್ಸಿನವರು, ಸಮುದ್ರಕ್ಕೆ ಅಡ್ಡಿ ಹೇಳಲಿಲ್ಲ. 'ಹೋಗೂದ ಹೊಂಟೀರಿ, ದಾರ್ಯಾಗಿನ ಮಂದಿಗೂ ಒಂದ ಮಾತ ತಿಳಸೋಣು, ಆಮ್ಯಾಲ ಅವರ ಬ್ಯಾಸರ ಮಾಡ್ಕೋಬಾರದು' ಎಂದು ನಮ್ಮ ದಾರಿಯನ್ನೂ ಹೊರಡುವ ಹೊತ್ತನ್ನೂ ತಮಗೆ ಗೊತ್ತಿದ್ದ ನಮ್ಮ ಬೀಗರ ಗುಂಪುಗಳಿಗೆಲ್ಲ ಫಾರ್ವರ್ಡ್ ಮಾಡಿದಿರಿ. ಊರ ಮೇಲೆ ಹಾದು ಹೋಗುವವರು ಬೀಗರ ಮನೆಯಲ್ಲಿ ಕೈತೊಳೆಯದೆ ಹೋದರೆ ನಮ್ಮ ಕಡೆ ಏಳು ವರ್ಷ ಮಾತು ಬಿಡುತ್ತಾರೆಂಬುದು ತಮಗೆ ಗೊತ್ತಿಲ್ಲದ್ದೇನಲ್ಲ.

ಹೀಗಾಗಿ ಜಮಖಂಡಿ ಬಿಟ್ಟು ಇನ್ನೂ ಸೀಟಿನಲ್ಲಿ ಸರಿಯಾಗಿ ಕುಳಿತಿರಲಿಲ್ಲ, ಬನಹಟ್ಟಿಯಲ್ಲಿ ಸಂಜಯ ಅವರ ಸೋದರತ್ತೆ ಭಾಗವ್ವನವರು ನಡುರಸ್ತೆಗೆ ಬಂದು ಎರಡೂ ಕೈ ಅಗಲಿಸಿ ಗಾಡಿ ನಿಲ್ಲಿಸಿದರು. 'ಏ ಸಂಜ್ಯಾ, ನಮ್ಮ ಮನಿ ನೀರ ಮುಟ್ಟದ ಹೋದ್ರ ನಿನ್ನ ಪಾಲಿಗೆ ನಾ ಸತ್ತೀನಿ ಅಂತ ತಿಳಕೋ' ಎಂದರು. ಸಂಜಯ ಅವರು ಇಳಿದು ಪಡಸಾಲೆಯಲ್ಲಿ ದಿಂಬಿಗೆ ಒರಗಿದರು. ನಾನು ಮನೆತನದ ಸೊಸೆ, ನನಗೆ ದಿಂಬು ಯಾರು ಕೊಡಬೇಕು, ನೆಟ್ಟಗೆ ಒಳಗೆ ಹೋಗಿ ಭಾಗವ್ವನವರ ಸೊಸೆ ಸುವರ್ಣಾಳ ಪಕ್ಕದಲ್ಲಿ ಹೋಳಿಗೆಯ ಹೂರಣ ತಿರುವುತ್ತ ನಿಂತೆ. ಆಚೆ ಮನೆಯ ಮಗ್ಗಗಳ ಖಟಖಟದಲ್ಲಿ ನಾವಿಬ್ಬರೂ ಏನು ಮಾತಾಡಿದೆವೋ ನಮಗೇ ಕೇಳಿಸಲಿಲ್ಲ. ಉಂಡ ಮೇಲೆ ಹೊರಡಬಹುದೆಂದು ನಾನು ತಿಳಿದದ್ದು ತಪ್ಪು, ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಸೆರಗಿನ ಮಡಿಲಿಗೆ ಕಾಯಿ, ರವಿಕೆಯ ಖಣ ಹಾಕಿ ಉಡಿ ತುಂಬಬೇಕು. ಅದಕ್ಕೆ ಖಣ ತರಲು ಪೇಟೆಗೆ ಹೋದವರು ಅಲ್ಲಿ ಯಾರೊಡನೆಯೋ ಮಾತಿಗೆ ನಿಂತು ಸಂಜೆ ಬಂದರು. ಆ ರಾತ್ರಿ ಬನಹಟ್ಟಿಯಲ್ಲೇ ವಸ್ತಿ.

ಮರುದಿನ ತೇರದಾಳದಲ್ಲಿ ಒಂದು ಉಪ್ಪಿಟ್ಟು, ಒಂದು ಉಡಿ. ಮಧ್ಯಾಹ್ನ ಹಾರೂಗೇರಿಯಲ್ಲಿ ನನ್ನ ನಾದಿನಿಯ ಗಂಡನ ಮನೆ. ಆ ಮನೆಯ ಹಿರಿಸೊಸೆ ಶಿವವ್ವ ಬುಟ್ಟಿ ತುಂಬ ಬದನೆಕಾಯಿ ಮುಂದಿಟ್ಟುಕೊಂಡು ಕುಳಿತಿದ್ದಳು, ನಾನೂ ಒಂದು ಈಳಿಗೆ ಎಳೆದುಕೊಂಡು ಕುಳಿತೆ. ಆಗ ಅವಳು 'ಅಕ್ಕೋರ, ನೀವ ಸಾಲ್ಯಾಗ ಕಲಸತೀರಿ, ಸಮುದ್ರ ಅಂದ್ರ ಹೆಂಗ ಇರತೈತ್ರಿ?' ಎಂದು ಕೇಳಿದಳು. ಹೊಳಬಸಪ್ಪನವರೇ, ನನಗೆ ಭೂಪಟದಲ್ಲಿ ತೋರಿಸಲು ಬರುತ್ತಿತ್ತು, ಹೇಳಲು ಬರಲಿಲ್ಲ. ಅಲ್ಲೇ ಕುಳಿತು ಅಳಬೇಕೆನಿಸಿತು, ಆದರೆ ಉಳ್ಳಾಗಡ್ಡಿ ಹೆಚ್ಚುವ ಪಾಳಿ ಇನ್ನೂ ಬಂದಿರಲಿಲ್ಲವಾದ್ದರಿಂದ ಅದಕ್ಕೂ ನೆಪವಿರಲಿಲ್ಲ.

ಮೂರನೆಯ ದಿನ ನಿಪ್ಪಾಣಿಯವರೆಗೆ ಹೋದೆವು. ಅಲ್ಲಿ ಅಮೋಲ ಗಾಡಿಯನ್ನು ಬದಿಗೆ ಹಾಕಿ, ನಾಳೆ ಬೆಳಗಾದರೆ ತನಗೆ ಮದುವೆಯ ಬಾಡಿಗೆಯಿದೆ, ಇಲ್ಲಿಂದ ತಿರುಗಬೇಕು ಎಂದು ತಲೆ ಕೆರೆದುಕೊಂಡ. ಸಂಜಯ ಅವರು ಅವನಿಗೂ ಇಲ್ಲ ಎನ್ನಲಿಲ್ಲ. ಸಮುದ್ರ ನೋಡಲು ಹೋದವಳು ಉಡಿಯಲ್ಲಿ ಬಂದ ತೆಂಗಿನಕಾಯಿಗಳ ಚೀಲ ಹೊತ್ತು ಮನೆಗೆ ಬಂದೆ. ಓಣಿಯವರು ಅವು ಕೊಂಕಣದಿಂದ ತಂದವೆಂದು ತಿಳಿದು ತಲೆಗೊಂದು ಇಸಿದುಕೊಂಡು ಹೋಗಿ 'ಏನ ಅನ್ರಿ, ಸಮುದ್ರದ ಗಾಳಿ ಉಂಡ ಕಾಯಿ ರುಚೀನ ಬ್ಯಾರೆ' ಎಂದು ಚಟ್ನಿ ಅರೆದರು. ತೇರದಾಳದ ಸಂತೆಯ ಕಾಯಿಗೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ಇಷ್ಟಾದರೂ ತಾವು ನಮ್ಮನ್ನು ಬಿಡಲಿಲ್ಲ. 'ಪ್ರವಾಸಾನುಭವ ಹಂಚಿಕೆ' ಎಂದು ತಮ್ಮ ಮನೆಯಲ್ಲಿ ಸಭೆ ಕರೆದಿರಿ. ಹೊರಗೆ ಸಂಜಯ ಅವರು ಕಾಣದ ಸಮುದ್ರದ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿ ಚಪ್ಪಾಳೆ ಗಿಟ್ಟಿಸುತ್ತಿದ್ದಾಗ, ನಾನು ರೂಢಿಯ ಪ್ರಕಾರ ಒಳಗೆ ಹೋಗಿ ತಮ್ಮ ಮನೆಯವರಾದ ಸಾವಿತ್ರೆವ್ವನವರಿಗೆ ಕಪ್ಪು ಜೋಡಿಸಿಕೊಡುತ್ತಿದ್ದೆ. ಅವರು ಚಹಾ ಸೋಸುತ್ತ 'ಖರೆ ಹೇಳ ಗಂಗಾ, ನೀ ಸಮುದ್ರ ನೋಡಿದಿ ಇಲ್ಲೋ?' ಎಂದರು. ಇಲ್ಲ ಎಂದೆ. 'ನಾನೂ ನೋಡಿಲ್ಲ ಬೇ. ಇವ್ರು ಕೂತಲ್ಲಿಂದ ಇಡೀ ದೇಶಕ್ಕ ದಾರಿ ತೋರಸ್ತಾರ. ನಾ ಗಲಗಲಿ ತವರಮನಿ ದಾರಿ ಬಿಟ್ರ ಬ್ಯಾರೆ ದಾರಿ ಕಂಡಿಲ್ಲ' ಎಂದರು. ಅಷ್ಟರಲ್ಲಿ ಹೊರಗಿನಿಂದ ತಾವು 'ಚಾ ಎಲ್ಲಿಗೆ ಬಂತು?' ಎಂದು ಕೂಗಿದಿರಿ.

ಆದ್ದರಿಂದ ತಮ್ಮ ಸನ್ನಿಧಿಯಲ್ಲಿ ಕೆಲವು ಸಣ್ಣ ವಿನಂತಿಗಳಿವೆ. ತಮ್ಮ ವಶೀಲಿ ಎಲ್ಲ ಕಡೆ ನಡೆಯುವುದರಿಂದ ಅರಬ್ಬಿ ಸಮುದ್ರವನ್ನು ದಯವಿಟ್ಟು ಬನಹಟ್ಟಿಯ ಈಚೆಗೆ, ಅಂದರೆ ಮೊದಲ ಬೀಗರ ಮನೆ ಬರುವ ಮುಂಚೆ ಎಲ್ಲಿಯಾದರೂ ಸರಿಸಿ ಕೊಡಿಸಬೇಕು. ನೀರಾವರಿಯವರು ಒಪ್ಪದಿದ್ದರೆ, ಊರಿಗೆ ಬೈಪಾಸ್ ರಸ್ತೆ ಮಾಡಿದಂತೆ ಸಂಬಂಧಗಳಿಗೂ ಒಂದು ಬೈಪಾಸ್ ಮಂಜೂರು ಮಾಡಿಸಬೇಕು. ಅದೂ ಆಗದಿದ್ದರೆ ನಮ್ಮ ಅಡುಗೆಮನೆಗಳನ್ನೇ ಪ್ರೇಕ್ಷಣೀಯ ಸ್ಥಳಗಳೆಂದು ಸಾರಿ, ಪಡಸಾಲೆಯಿಂದ ಅಲ್ಲಿಗೆ ಹೋಗುವ ದಾರಿ, ಎಡಗಡೆಗೆ ಒಲೆ, ಬಲಗಡೆಗೆ ಬಚ್ಚಲು, ಮಧ್ಯದಲ್ಲಿ ತೊಳೆಯದ ಭಾಂಡೆ-ಪಾತ್ರೆಗಳ ಗುಡ್ಡ ಎಂದು ವಿವರಗಳನ್ನು ಬಳಗದಲ್ಲಿ ಹಾಕಿ ಗಂಡಸರ ಒಂದು ತಂಡವನ್ನಾದರೂ ತಾವೇ ಮುಂದೆ ನಿಂತು ಕರೆದುಕೊಂಡು ಹೋಗಬೇಕು. ದೂರ ಏನಿಲ್ಲ, ಊಟದ ಹೊತ್ತಿಗೆ ಮರಳಬಹುದು. ಊಟ ಸಿಗುವುದು ಮಾತ್ರ ಅಲ್ಲಿ ಎಷ್ಟು ದುಡಿದರೆಂಬುದರ ಮೇಲೆ.

ಈ ಬೇಸಿಗೆಯ ರಜೆಯಲ್ಲಿ ಏನಾಯಿತೆಂಬುದನ್ನೂ ತಮಗೆ ತಿಳಿಸುವುದು ಸದಸ್ಯೆಯಾದ ನನ್ನ ಕರ್ತವ್ಯ. ಸಂಜಯ ಅವರಿಗೆ 'ಬೀಗರ ಮನಿಗೆಲ್ಲ ಒಂದ ಸುತ್ತ ಹೋಗಿ ಬರ್ತೀನಿ' ಎಂದೆ, ಎಂದಿನಂತೆ ಹೂಂ ಎಂದರು. ಅದೇ ಅಮೋಲ, ಅದೇ ಗಾಡಿ, ಅದೇ ದಾರಿ. ಬೀಗರಿಗೆ ಬೇಸರ ಮಾಡಬಾರದೆಂಬ ತಮ್ಮ ಉಪದೇಶದಂತೆ ಬನಹಟ್ಟಿಯಲ್ಲಿ ನಾನೇ ಗಾಡಿ ನಿಲ್ಲಿಸಿದೆ. ಭಾಗವ್ವನವರು ಊಟಕ್ಕೇಳಿ ಎಂದರು. 'ಅತ್ಯಾರ, ಬಂದವ್ರನ್ನ ಬರಿಗೈಲೆ ಕಳಸಬಾರ್ದು ಅಂತ ನೀವ ಹೇಳ್ತೀರಿ. ಈ ಸಲ ಊಟ ಬ್ಯಾಡ, ಕಾಯಿ ಬ್ಯಾಡ, ಖಣ ಬ್ಯಾಡ, ಉಡ್ಯಾಗ ನಿಮ್ಮ ಸುವರ್ಣಾನ್ನ ಹಾಕಿ ಕಳಸ್ರಿ, ಮೂರ ದಿನಕ್ಕ' ಎಂದೆ. ಅವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಮುತ್ತೈದೆ ಬಾಯಿಬಿಟ್ಟು ಉಡಿ ಕೇಳಿದಾಗ ಇಲ್ಲ ಎನ್ನಲು ಅವರಿಗೆ ಬರಲಿಲ್ಲ. 'ಆಕಿ ಹೋದ್ರ ಇಲ್ಲಿ ರೊಟ್ಟಿ ಬಡಿಯಾವ್ರ ಯಾರ? ನಾ ಅಂತೂ ಬಡ್ಯಾಕಿ ಅಲ್ಲ. ತಡೀರಿ, ನಾನೂ ಬರ್ತೀನಿ' ಎಂದು ಕೈಚೀಲ ತಂದರು. ಹಾರೂಗೇರಿಯಲ್ಲಿ ನಾನು ಮಾತಾಡುವ ಪ್ರಸಂಗವೇ ಬರಲಿಲ್ಲ. ಶಿವವ್ವನ ಗಂಡ ಗಾಡಿಯ ಹತ್ತಿರ ಬಂದದ್ದೇ ತಡ, ಭಾಗವ್ವನವರು ಕಿಟಕಿಯಿಂದ ತಲೆ ಹೊರಹಾಕಿ 'ಹಿರ್ಯಾಕಿ ನಿಮ್ಮ ಬಾಗಲಕ ಬಂದೀನಿ, ಬರಿಗೈಲೆ ಕಳಸತೀರೇನ?' ಎಂದು ಗದರಿಸಿ ಅವಳನ್ನು ಹತ್ತಿಸಿಕೊಂಡರು.

ಹೀಗಾಗಿ ಈ ಪತ್ರವನ್ನು ಮಾಲವಣದ ದಂಡೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕುಳಿತಿದ್ದೇನೆ ಎಂಬುದನ್ನು ತಾವು ಎರಡು ಸಲ ಓದಬೇಕು. ನಿನ್ನೆ ಸುವರ್ಣಾ ರೂಢಿಬಲದಿಂದ ಹೋಟೆಲಿನ ಅಡುಗೆಮನೆಗೆ ನುಗ್ಗಿ ರೊಟ್ಟಿ ಬಡಿದು ಕೊಡಲೇ ಎಂದು ಕೇಳಿ ಅಲ್ಲಿಯ ಭಟ್ಟರನ್ನು ಗಾಬರಿಪಡಿಸಿದ್ದಳು, ಕೈಹಿಡಿದು ಎಳೆದುಕೊಂಡು ಬಂದೆವು; ಇಂದು ಅವಳೇ ಚಹಾದಲ್ಲಿ ಸಕ್ಕರೆ ಕಡಿಮೆಯೆಂದು ವಾಪಸು ಕಳಿಸಿದ್ದಾಳೆ. ಭಾಗವ್ವನವರು ಉಸುಕಿನಲ್ಲಿ ಕಾಲು ಚಾಚಿ, ಸೆರಗು ಮುಖಕ್ಕೆ ಹಾಕಿಕೊಂಡು ಹಾಡುಹಗಲೇ ಗೊರಕೆ ಹೊಡೆಯುತ್ತಿದ್ದಾರೆ. ಶಿವವ್ವ ಸೀರೆ ಎತ್ತಿಕಟ್ಟಿ ನೀರಿನ ಅಂಚಿಗೆ ಹೋಗಿ, ನನ್ನ ಕಡೆ ತಿರುಗಿ 'ಅಕ್ಕೋರ, ಭಾಳ ಐತ್ರಿ' ಎಂದಳು. ಇನ್ನು ಮುಂದೆ ಶಾಲೆಯಲ್ಲಿ ನಾನೂ ಹಾಗೆಯೇ ಹೇಳಿಕೊಡುವವಳಿದ್ದೇನೆ. ನನಗಂತೂ ಭಾಳ ಸಂತೋಷವಾಗಿದೆ, ಅದನ್ನು ಸುತ್ತಿಬಳಸಿ ಹೇಳುವ ಅಗತ್ಯ ಕಾಣುವುದಿಲ್ಲ.

ಬಳಗದ ನಿಯಮದಂತೆ ಸಲಹೆಯೊಂದನ್ನು ಕೊಡಬೇಕಲ್ಲ: ಮಾಲವಣಕ್ಕೆ ಬರುವವರು ಯಾರಿಗೂ ಹೇಳದೆ ಬರತಕ್ಕದ್ದು.

ನಿಯಮ ಮುರಿದರೂ ನಂಬಿಕೆ ಮುರಿಯದ,
ಮೊಬೈಲಿನ ಲೊಕೇಶನ್ ಬಂದ್ ಮಾಡಿ ಆರಾಮ ಇರುವ,
ತಮ್ಮ ವಿಶ್ವಾಸಿ
ಗಂಗಾಂಬಿಕಾ

ತಾ.ಕ.: ನಿನ್ನೆ ಮಧ್ಯಾಹ್ನದಿಂದ ತಾವು ಬಳಗದಲ್ಲಿ ಯಾರಿಗೂ ಒಂದೂ ಸಲಹೆ ಕೊಡದೆ ಮೌನವಾಗಿರುವುದನ್ನು ನೋಡಿ, ತಮಗೆ ವಿಷಯ ತಿಳಿಯಿತೆಂದು ಊಹಿಸಿದ್ದೇವೆ. ಹೌದು, ಜಮಖಂಡಿ ಬಿಡುವಾಗಲೇ ಸಾವಿತ್ರೆವ್ವನವರು ಗಾಡಿಯ ಮುಂದಿನ ಸೀಟಿನಲ್ಲಿದ್ದರು. ಹೇಳದೆ ಹೋದಳೆಂದು ದಯವಿಟ್ಟು ಅನ್ನಬೇಡಿ. ಚೀಲ ಹಿಡಿದು ತಮ್ಮ ಎದುರಿಗೇ ನಿಂತು 'ಸಮುದ್ರ ನೋಡಾಕ ಹೊಂಟೀನ್ರಿ' ಎಂದು ಅವರು ಹೇಳಿದ್ದನ್ನೂ, ತಾವು ಮೊಬೈಲಿನಿಂದ ಕಣ್ಣೆತ್ತದೆ 'ಛಲೋ ಆತು, ಛತ್ರಿ ಒಯ್ಯಿರಿ' ಎಂದದ್ದನ್ನೂ ಬಾಗಿಲಲ್ಲಿದ್ದ ನಾನು ಕಿವಿಯಾರೆ ಕೇಳಿದ್ದೇನೆ. ಛತ್ರಿ ತಂದಿದ್ದಾರೆ. ಈಗ ಮೊಣಕಾಲಮಟ ನೀರಿನಲ್ಲಿ ನಿಂತಿದ್ದಾರೆ. ನಿಮ್ಮ ಯಜಮಾನರಿಗೆ ಪತ್ರ ಬರೆಯುತ್ತಿದ್ದೇನೆ, ಊಟಕ್ಕೆ ಏನು ಮಾಡಿಕೊಳ್ಳಬೇಕೆಂದು ತಿಳಿಸಲಿ ಎಂದು ಕೂಗಿ ಕೇಳಿದರೆ, ತಿರುಗಿ ಸಹ ನೋಡದೆ 'ಬಳಗದಾಗ ಕೇಳ್ರಿ ಅಂತ ಬರಿ, ಯಾರರ ಸಲಹೆ ಕೊಡ್ತಾರ' ಎಂದರು.