ದೇವರ ಪಾಲು, ಪೂಜಾರಿಯ ಈಲಿ

ಆಸ್ಪತ್ರೆಯಲ್ಲಿ ಕೂತವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಗಾಡಿ ಕಟ್ಟಿಸಿಕೊಂಡು ಬರುತ್ತೆ. ಮಹಾರಾಜರ ಕಾಲದಲ್ಲಿ ಶಿರಾ ಸೀಮೆಯ ಒಂದು ಪುಟ್ಟ ಆಸ್ಪತ್ರೆಗೆ ನಾನೊಬ್ಬನೇ ಡಾಕ್ಟರು. ಮೂಗಿನ ತುದಿಯಲ್ಲೇ ಕೋಪ. ಆ ಕೋಪ ಇಳಿಸಿ, ನಾನು ಬಾಯಿ ಬಿಟ್ಟುಕೊಂಡು ನಿಲ್ಲುವ ಹಾಗೆ ಮಾಡಿದವರು ಮದಲೂರು ಕೆರೆ ಕಡೆಯ ಒಬ್ಬ ಕುರುಬರ ಪೂಜಾರಿ, ಅವನ ಹೆಂಡತಿ, ಮತ್ತೆ ಅವನ ಈಲಿ. ಪುಸ್ತಕದಲ್ಲಿ ಯಕೃತ್ತು ಅಂತ ಇರುತ್ತೆ. ಕುರಿ ಕೊಯ್ಯುವವರಿಗೆ ಈಲಿ ಅಂದರೇನೇ ಗೊತ್ತಾಗೋದು.

ತೊಳೆದಷ್ಟೂ ಹಳದಿ

ಹೆಂಡತಿ ಅವನನ್ನು ಮೊದಲು ಕರೆತಂದದ್ದು ಹೊಟ್ಟೆ ತೋರಿಸೋಕೆ. ಕೈಕಾಲು ಜಾಲಿ ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. "ಪೂಜಾರಪ್ಪ ದೇವ್ರ ದಯದಿಂದ ಮೈ ತುಂಬ್ಕಂಡವ್ನೆ" ಅಂತ ಊರವರು ಸಂತೋಷಪಟ್ಟಿದ್ದರಂತೆ. ಬೆರಳಲ್ಲಿ ತಟ್ಟಿ ನೋಡಿದರೆ ಒಳಗೆಲ್ಲ ನೀರು. ಮುಖಕ್ಕೆ, ಎದೆಗೆ, ತೋಳಿಗೆ ದೇವರ ಅರಿಸಿನದ ಭಂಡಾರ ಬಳಿದುಕೊಂಡಿದ್ದ.

"ಇದನ್ನ ತೊಳೆಸಮ್ಮ, ಮೈಬಣ್ಣ ನೋಡಬೇಕು" ಅಂದೆ.

ಬಾವಿಕಟ್ಟೆಗೆ ಕರೆದೊಯ್ದು ಉಜ್ಜಿದಳು. ಹಳದಿ. ಸೀಗೇಪುಡಿ ಹಾಕಿ ಉಜ್ಜಿದಳು. ಹಳದಿಯೇ.

"ಇದೇನ್ ಸ್ವಾಮಿ, ಭಂಡಾರ ಚರ್ಮದೊಳಕ್ಕೇ ಇಳ್ದೋಗೈತೆ!"

ನಾನು ಅವನ ಕಣ್ಣಿನ ರೆಪ್ಪೆ ಕೆಳಗೆಳೆದೆ. ಬಿಳಿಗುಡ್ಡೆಯೂ ಹಳದಿ. "ಕಣ್ಣೊಳಗೆ ಯಾರಮ್ಮ ಭಂಡಾರ ಹಾಕ್ತಾರೆ? ಇದು ಕಾಮಾಲೆ."

ಎಷ್ಟು ಕಾಲದಿಂದ ಇತ್ತೋ! ಕಾಮಾಲೆ ಹಾಡಹಗಲೇ ಊರೆಲ್ಲ ಮೆರವಣಿಗೆ ಹೋಗಿದೆ, ಕಂಡವರೆಲ್ಲ ಅದಕ್ಕೆ ಕೈಮುಗಿದಿದ್ದಾರೆ.

ಕುಡಿಯುವವರು ಯಾರು?

"ಸಾರಾಯಿ ಕುಡೀತೀಯೇನಯ್ಯ?"

"ಛೇ, ಬುಡಿ ಸ್ವಾಮಿ. ಬಾಯಿಗ್ ಮುಟ್ಸಲ್ಲ."

ಆ ಬಾಯಿಯ ವಾಸನೆಗೇ ನನಗೆ ತಲೆ ಸುತ್ತುತ್ತಿತ್ತು. "ಹಾಗಾದ್ರೆ ಈ ವಾಸನೆ ಎಲ್ಲಿಂದ ಬಂತು?" ಅಂತ ರೇಗಿದೆ.

"ಅದು ನಾನ್ ಕುಡ್ದಿದ್ದಲ್ಲ. ದೇವ್ರು ಕುಡ್ದಿದ್ದು."

ಹೆಂಡತಿ ಬಿಡಿಸಿ ಹೇಳಿದಳು. ಕೆರೆ ಏರಿಯ ದೇವರಿಗೆ ಹರಕೆ ಹೊತ್ತವರು ಸಾರಾಯಿ ತರುತ್ತಾರೆ. ದೇವರ ಪಾಲನ್ನು ಪೂಜಾರಿಯೇ ಕುಡಿಯಬೇಕು. ಉಳಿಸಿದರೆ ಹರಕೆ ಸಲ್ಲಲಿಲ್ಲವೆಂದು ಜಗಳಕ್ಕೆ ಬರುತ್ತಾರೆ.

ಅವನ ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದೆ. ಈಲಿ ಕಲ್ಲಾಗಿತ್ತು. ಎಂಥ ಅಂಗ ನೋಡಿ! ವರ್ಷಗಟ್ಟಲೆ ಸುರಿದ ವಿಷವನ್ನೆಲ್ಲ ಸೋಸಿದೆ, ಗಾಯವಾದ ಕಡೆ ಮತ್ತೆ ಬೆಳೆದಿದೆ, ನೋವು ಅಂತ ಒಂದು ದಿನ ಬಾಯಿ ಬಿಟ್ಟಿಲ್ಲ. ಕೈಲಾಗದೆ ಹೋದ ಮೇಲೆ ತಾನೇ ಗಂಟುಗಂಟಾಗಿ ಬಿಗಿದುಕೊಂಡಿದೆ. ಮನೆ ಹೆಣ್ಣುಮಕ್ಕಳೂ ಹಾಗೇ, ಹಾಸಿಗೆ ಹಿಡಿಯುವವರೆಗೂ ಹೇಳುವುದಿಲ್ಲ.

"ನೋಡಯ್ಯ, ದೇವರ ಈಲಿ ಗಟ್ಟಿಮುಟ್ಟಾಗಿದೆ. ಹೋಗಿರೋದು ನಿಂದು. ಸಾರಾಯಿ ಬಿಡು, ಉಪ್ಪು ಬಿಡು. ಇಲ್ದಿದ್ರೆ ನೀನು ಉಳಿಯಲ್ಲ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನ ಚಿಂತೆಯೇ ಬೇರೆ: "ಅದ್ಸರಿ, ಇದ್ನ ದೇವ್ರಿಗೆ ಯಾರ್ ಹೇಳ್ತಾರೆ ಸ್ವಾಮಿ?"

ಈಲಿಗೆ ಈಲಿ

ಈಲಿ ಹೋಗಿದೆ ಅಂದದ್ದೇ ತಡ, ನೆಂಟರು ಟೊಂಕ ಕಟ್ಟಿದರು. ಕಾಲು ಮುರಿದವನಿಗೆ ಕಾಲು ಸೂಪು ಕುಡಿಸುವ ಜನ. ಹೋದ ಈಲಿಗೆ ಈಲಿಯೇ ಮದ್ದು ಅಂತ ಸರದಿಯ ಮೇಲೆ ಕುರಿ ಕೊಯ್ದು, ಈಲಿ ಹುರಿದು, ಮೇಲೆ ಬಾಡಿನ ಸಾರು ಸುರಿದು ತಿನ್ನಿಸಿದರು. ಸಂತೆ ದಿನದ ಹೊತ್ತಿಗೆ ಪೂಜಾರಿಯ ಕೈ ಅದುರತೊಡಗಿತು, ಮಾತು ತೊದಲಿತು, ಹಗಲು ರಾತ್ರಿ ಅದಲುಬದಲಾಯಿತು. ಊರಿಗೆ ಅನುಮಾನವೇ ಇಲ್ಲ, ಮೈಮೇಲೆ ದೇವರು ಬಂದಿದೆ!

ಹೆಂಡತಿ ಹೇಳಿಕಳಿಸಿದಳು, ನಾನು ಹೋದೆ. ಜಗುಲಿ ತುಂಬ ತೆಂಗಿನಕಾಯಿ ಹಿಡಿದ ಜನ. ಒಬ್ಬ ಕಳೆದುಹೋದ ಟಗರು ಎಲ್ಲಿದೆ ಅಂತ ಕೇಳಿದ. ಪೂಜಾರಿ "ಉಪ್ಪು... ಉಪ್ಪು ಬ್ಯಾಡ..." ಅಂತ ನನ್ನ ಪಥ್ಯವನ್ನೇ ಗೊಣಗಿದ. ಟಗರಿನವನು ಅಡ್ಡಬಿದ್ದು ಉಪ್ಪಿನ ಅಂಗಡಿಗೆ ಓಡಿದ. ಟಗರು ಅದರ ಹಿತ್ತಲಲ್ಲೇ ಸಿಕ್ಕಿತು! ಇದು ಹೇಗಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೆಂಡತಿ ನನ್ನನ್ನು ಕೊಟ್ಟಿಗೆಗೆ ಕರೆದು ಅತ್ತಳು. "ದೇವ್ರು ಬಂದ್ರೆ ಒಂದ್ ಗಳಿಗೆ ಕುಣ್ದು ಹೊಂಟೋಯ್ತದೆ ಸ್ವಾಮಿ. ಇದು ಸಂತೆಯಿಂದ್ಲೂ ಹೋಗಿಲ್ಲ. ನನ್ನೇ 'ಯಾರಮ್ಮ ನೀನು' ಅಂತ ಕೇಳ್ತು."

ಕೈ ಚಾಚಿಸಿದೆ. ಅಂಗೈ ನೊಣ ಓಡಿಸುವ ಎತ್ತಿನ ಕಿವಿಯ ಹಾಗೆ ಪಟಪಟ ಬಡಿಯಿತು. ಉಸಿರಿನಲ್ಲಿ ಸಾರಾಯಿಯಲ್ಲದ ಒಂದು ಸಿಹಿ ಮುಗ್ಗಲು ವಾಸನೆ. ಈಲಿ ಸೋಸದೆ ಬಿಟ್ಟ ವಿಷ ತಲೆಗೇರಿತ್ತು; ತಿಂದ ಬಾಡೆಲ್ಲ ಕರುಳಲ್ಲಿ ಕೂತು ಅದಕ್ಕೆ ಇನ್ನಷ್ಟು ಸೇರಿಸುತ್ತಿತ್ತು. ಮೊದಲು ಅದನ್ನು ಹೊರಗೆ ಹಾಕಬೇಕು. ಭೇದಿ ಉಪ್ಪು ತೆಗೆದೆ.

"ದೇವ್ರಿಗೆ ಔಷ್ದಿನಾ?" ಊರ ಯಜಮಾನ ಅಡ್ಡ ನಿಂತ.

"ಔಷಧಿ ಅಲ್ಲಪ್ಪ, ತೀರ್ಥ" ಅಂದು ಕುಡಿಸಿಯೇ ಬಿಟ್ಟೆ.

ಮಾರನೆ ದಿನ ಮಧ್ಯಾಹ್ನದ ಹೊತ್ತಿಗೆ ಹಿತ್ತಲಿಗೂ ಮನೆಗೂ ನಡೆದೂ ನಡೆದೂ ಸುಸ್ತಾದ ಪೂಜಾರಿ ಹೆಂಡತಿಯನ್ನು ನೋಡಿ "ಲೇ, ಮುದ್ದೆ ಆಯ್ತೇನೆ?" ಅಂದ. ಆಕೆ ಗೊಳೋ ಅಂತ ಅತ್ತಳು.

ಯಜಮಾನ ಕೈಮುಗಿದು ಕೇಳಿದ: "ದೇವ್ರು ಯಾವ್ ಕಡೆ ಹೋದ ಸ್ವಾಮಿ?"

ನಾನು ಹಿತ್ತಲ ಕಡೆ ಕೈ ತೋರಿಸಿದೆ. ಪಾಪ, ಆ ಕಡೆಗೇ ಅಡ್ಡಬಿದ್ದ.

ದೇವರಿಗೆ ಹೇಳಿದವಳು

ಮುಂದಿನ ಹರಕೆಗೆ ಮತ್ತೆ ಸಾರಾಯಿ ಬಂತು. ನಾನೂ ಹೋಗಿದ್ದೆ. ಪೂಜಾರಿ ಬೇಡ ಬೇಡ ಅಂದ. ಜನ ಕೇಳಲಿಲ್ಲ. "ದೇವ್ರ ಪಾಲು ತಪ್ಪಿದ್ರೆ ಕೆರೆ ತುಂಬ್ತದೇನ್ಲಾ?" ಅಂತ ಯಜಮಾನ ಲೋಟ ಅವನ ತುಟಿಗೇ ತಂದ.

ಅಷ್ಟರಲ್ಲಿ ಒಂದು ಕೂಗು. ಹೆಂಡತಿ ತುರುಬು ಬಿಚ್ಚಿ ಕೆದರಿಕೊಂಡು ಗುಡಿ ಮುಂದಕ್ಕೆ ಹಾರಿದಳು. "ಮುಟ್ಬೇಡ್ರಲೋ! ಕುಡ್ಸೀ ಕುಡ್ಸೀ ನನ್ ಈಲಿ ತೆಗ್ದುಬುಟ್ರಿ ಕಣ್ರಲೋ! ಡಾಕ್ಟ್ರಪ್ಪನೇ ಒತ್ತಿ ನೋಡವ್ನೆ, ಕೇಳ್ರಿ! ಇನ್ಮೇಲೆ ಮಜ್ಗೆ ತನ್ರಿ, ಮಜ್ಗೆ!"

ಊರೆಲ್ಲ ನನ್ನ ಕಡೆ ತಿರುಗಿತು. "ದಿಟವಾ ಸ್ವಾಮಿ?"

ಸರ್ಕಾರದ ಡಾಕ್ಟರು ನಾನು, ದೇವರ ಈಲಿಗೆ ಸಾಕ್ಷಿ ನಿಂತೆ. "ದಿಟ ಕಣಪ್ಪ. ಪೂರ್ತಿ ಕಲ್ಲಾಗಿದೆ."

ಅವತ್ತಿನಿಂದ ಹರಕೆಗೆ ಮಜ್ಜಿಗೆ. ಸಾರಾಯಿ ನಿಂತ ಮೇಲೆ ಆ ಹಟಮಾರಿ ಈಲಿ, ಉಳಿದಷ್ಟರಲ್ಲೇ ಸಂಸಾರ ತೂಗಿಸಿತು. ಹೊಟ್ಟೆ ಇಳಿಯಿತು, ಕಣ್ಣು ತಿಳಿಯಾಯಿತು. ನಾನು ಕೈಮುಗಿಯುವುದಾದರೆ ಅದಕ್ಕೇ.

ಎಷ್ಟೋ ದಿನದ ಮೇಲೆ ಆಕೆ ಆಸ್ಪತ್ರೆಗೆ ಬಂದಳು. ಕೇಳದೆ ಇರಲಾಗಲಿಲ್ಲ. "ನಿಜ ಹೇಳಮ್ಮ, ಅವತ್ತು ನಿನ್ನ ಮೈಮೇಲೆ ದೇವರು ಬಂದಿತ್ತಾ?"

"ಇದೇನ್ ಹಿಂಗ್ ಕೇಳ್ತೀರಾ ಸ್ವಾಮಿ? ಗಂಡ ಕಣ್ಮುಂದೆ ಸಾಯ್ತಾ ಅವ್ನೆ. ಆಗ್ಲೂ ಬರ್ದಿದ್ರೆ ಅದೆಂಥ ದೇವ್ರು?"

ಆಕೆ ಬಾಗಿಲವರೆಗೆ ಹೋಗಿ ತಿರುಗಿದಳು.

"ಅಂಗೇ ಒಂದ್ ಪೊಟ್ಣ ಭೇದಿ ಉಪ್ಪು ಕೊಟ್ಬುಡಿ. ಆಪಾಟಿ ಮಜ್ಗೆ ಕುಡ್ದು ದೇವ್ರಿಗೆ ಹೊಟ್ಟೆ ಕಟ್ಕಂಡೈತೆ."