ಪರೀಕ್ಷೆ ಮುಗಿಯುವವರೆಗೆ ಯಾರೂ ಬೀಳಬಾರದು

ಅಪಘಾತ ಚಿಕಿತ್ಸೆಯ ಸರ್ಟಿಫಿಕೇಟ್ ಪರೀಕ್ಷೆಗೆ ಸಿಬ್ಬಂದಿ ಏಕಾಗ್ರತೆಯಿಂದ ಓದಿಕೊಳ್ಳಲೆಂದು ಜಯನಗರದ ಆಸ್ಪತ್ರೆಯೊಂದು ತನ್ನ ಅಪಘಾತ ವಿಭಾಗವನ್ನು ತಾತ್ಕಾಲಿಕವಾಗಿ ಮುಚ್ಚಿತು. ಗಾಯಾಳುಗಳು ಹೊತ್ತುಗೊತ್ತಿಲ್ಲದೆ ಬಂದು, ಗಾಯದ ಬಗ್ಗೆ ಓದುವವರಿಗೆ ತೊಂದರೆ ಕೊಡುತ್ತಿದ್ದರು. "ಪರೀಕ್ಷೆ ಮುಗಿಯುವವರೆಗೆ ಸಾರ್ವಜನಿಕರು ಬೀಳದೆ ಸಹಕರಿಸತಕ್ಕದ್ದು" ಎಂಬ ಪ್ರಕಟಣೆಯನ್ನು ಆಡಳಿತಾಧಿಕಾರಿ ಗುರುಬಸಪ್ಪನವರು ಸ್ವತಃ ಬರೆದು ಗೇಟಿಗೆ ಅಂಟಿಸಿದರು. ಸರ್ಟಿಫಿಕೇಟ್ ಬಂದರೆ ಆಸ್ಪತ್ರೆಯ ಬೋರ್ಡು ದೊಡ್ಡದಾಗುತ್ತಿತ್ತು, ಬಿಲ್ಲೂ ಬೋರ್ಡಿನ ಅಳತೆಗೆ ಬೆಳೆಯುತ್ತಿತ್ತು. ಪಾಸಾಗದವರು ಮಾತ್ರ ಇನ್ನು ಮುಂದೆ ಗಾಯಾಳುಗಳನ್ನು ಮುಟ್ಟತಕ್ಕದ್ದಲ್ಲ.

ಈ ಕೊನೆಯ ನಿಯಮ ಡಾಕ್ಟರ್ ಇಂಚರಳ ನಿದ್ದೆ ಕೆಡಿಸಿತು. ಓದು ಮುಗಿಸಿದಾಗಿನಿಂದ ಅದೇ ವಿಭಾಗದಲ್ಲಿ ಹೊಲಿಗೆ ಹಾಕಿಕೊಂಡು ಬಂದವಳು. ಬೇರೆ ಕೆಲಸ ಅವಳಿಗೆ ಒಗ್ಗದು, ಬೇಕಾಗಿಯೂ ಇರಲಿಲ್ಲ.

ಎದೆ ಒತ್ತಿ ಬಾಯಿಂದ ಉಸಿರು ಕೊಡುವ ಅಭ್ಯಾಸಕ್ಕೊಂದು ರಬ್ಬರ್ ಗೊಂಬೆ ಬಂತು. ಗುರುಬಸಪ್ಪನವರು ಅದಕ್ಕೆ ಕುಂಕುಮವಿಟ್ಟು, ತೆಂಗಿನಕಾಯಿ ಒಡೆಸಿ, ಮೈಮೇಲಿನ ಪ್ಲಾಸ್ಟಿಕ್ ಕವರನ್ನು ಯಾರೂ ತೆಗೆಯಕೂಡದೆಂದು ಆದೇಶಿಸಿದರು.

"ಕವರ್ ತೆಗೀದೆ ಉಸಿರು ಹೆಂಗೆ ಕೊಡೋದು ಸಾರ್?" ಎಂದಳು ಇಂಚರ.

"ನಮ್ಮನೆ ಸೋಫಾ ಕವರ್ ಇವತ್ತಿಗೂ ತೆಗ್ದಿಲ್ಲ ಮೇಡಂ. ಬಂದೋರೆಲ್ಲ ಕೂರ್ತಿಲ್ವಾ? ಮೇಲಿಂದಾನೇ ಕೊಡಿ. ವಸ್ತು ಹೊಸದಾಗಿರ್ಲಿ."

ಎಲ್ಲರೂ ಮೇಲಿಂದಲೇ ಊದಿದರು. ಗೊಂಬೆಯ ಎದೆ ಏರಲಿಲ್ಲ. ಏರಬೇಕೆಂದು ಆದೇಶದಲ್ಲೂ ಇರಲಿಲ್ಲ. ಮೊಡವೆಗಿಂತ ದೊಡ್ಡ ಗಾಯ ಕಾಣದ ಚರ್ಮದ ಡಾಕ್ಟರ್ ವಿಶ್ರುತ್ ಕವರಿಗೆ ಒಂದು ಸುಕ್ಕೂ ಬೀಳದಂತೆ ಊದಿ ಎಲ್ಲರಿಗೂ ಮಾದರಿಯಾದ.

ಪರೀಕ್ಷೆಯ ದಿನ ಪರೀಕ್ಷಕ ನಂದಕುಮಾರ್ ಬಂದು ಕೂತರು. ಇಂಚರ ಗೊಂಬೆಯ ಎದೆ ಒತ್ತುತ್ತಿರುವಾಗ ವಸಂತಪುರದ ಗುಂಡಣ್ಣನವರು ಕುಂಟುತ್ತಾ ಒಳಗೆ ಬಂದರು. ರಸ್ತೆಗುಂಡಿಗೆ ಸ್ಕೂಟರ್ ಇಳಿದು ಕಾಲು ಸೀಳಿ, ಪಂಚೆಯೆಲ್ಲ ರಕ್ತ. ಪರೀಕ್ಷೆಗೆ ತರಿಸಿದ ಸಾಮಗ್ರಿಯಿರಬೇಕೆಂದು ವಾಚ್‌ಮನ್ ಸಲ್ಯೂಟ್ ಹೊಡೆದು ಒಳಗೆ ಬಿಟ್ಟಿದ್ದ.

"ಏನ್ರೀ, ಗೇಟಲ್ಲಿ ಹಾಕಿರೋದು ಓದ್ಲಿಲ್ವಾ?" ಎಂದರು ಗುರುಬಸಪ್ಪ.

"ಓದ್ದೆ ಸಾರ್. ಬಿದ್ಮೇಲೆ ಓದ್ದೆ."

"ಸರಿ, ಮುಗಿಯೋವರ್ಗೂ ಗಟ್ಟಿಯಾಗಿ ಹಿಡ್ಕೊಂಡು ಕೂತಿರಿ. ನೆಲ ಈಗ್ತಾನೆ ಒರ್ಸಿದಾರೆ."

ಇಂಚರ ಗೊಂಬೆಯನ್ನು ನೋಡಿದಳು, ಕಾಲನ್ನು ನೋಡಿದಳು. ಆಮೇಲೆ ಗೊಂಬೆ ಬಿಟ್ಟು ಬಂದು ಮಂಡಿಯೂರಿ, ರಕ್ತ ನಿಲ್ಲಿಸಿ, ಗಾಯ ತೊಳೆದು ಹೊಲಿಗೆ ಹಾಕಿದಳು.

"ನಿಮ್ಮ ಪೇಷೆಂಟ್ ತೀರ್ಕೊಂಡ್ರು ಡಾಕ್ಟ್ರೇ," ಎಂದರು ನಂದಕುಮಾರ್.

"ಬದುಕಿದ್ದಾರಲ್ಲ ಸಾರ್, ಇಲ್ಲೇ ಕೂತಿದ್ದಾರೆ."

"ಇವ್ರು ಸಿಲಬಸ್‌ನಲ್ಲಿಲ್ಲ."

ಗೊಂಬೆಯ ಗೌರವಾರ್ಥ ಎಲ್ಲರೂ ಎದ್ದು ಮೌನ ಆಚರಿಸಿದರು. ಗುಂಡಣ್ಣನವರೂ ಸಂಕೋಚದಿಂದ ಏಳಲು ಹೋದರು. ಇಂಚರ ಹೆಗಲು ಹಿಡಿದು ಕೂರಿಸಿದಳು.

ಸಂಜೆಯೊಳಗೆ ಫಲಿತಾಂಶ ಬಂತು. ಇಂಚರಳೊಬ್ಬಳು ಫೇಲು, ಉಳಿದವರೆಲ್ಲ ಪಾಸು. ಆಗ ಒಂದು ತಾಂತ್ರಿಕ ತೊಡಕು ಕಾಣಿಸಿಕೊಂಡಿತು: ಮಾನ್ಯತೆ ಪಡೆದ ಆಸ್ಪತ್ರೆಯೊಳಗೆ ಮಾನ್ಯತೆಯಿಲ್ಲದ ಹೊಲಿಗೆಯೊಂದು ಕೂತಿತ್ತು. ಅದನ್ನು ಬಿಚ್ಚಿ, ಪಾಸಾದವರ ಕೈಯಿಂದ ಮತ್ತೆ ಹಾಕಿಸಬೇಕೆಂದು ತೀರ್ಮಾನವಾಯಿತು. ಗುಂಡಣ್ಣನವರು ತಕರಾರು ತೆಗೆಯಲಿಲ್ಲ.

"ಸರ್ಟಿಫಿಕೇಟ್ ಇರೋರು ಹಾಕ್ತಾರಾ? ಹಂಗಾದ್ರೆ ಬಿಚ್ಬಿಡಿ ಸಾರ್. ನಾಳೆ ಮನೇಲಿ ಯಾರು ಹಾಕಿದ್ದು ಅಂತ ಕೇಳ್ತಾರೆ."

ಹೊಲಿಗೆ ಬಿಚ್ಚಿ ವಿಶ್ರುತ್ ಸೂಜಿ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. "ಇಂಚರ, ಯಾವ ಕಡೆಯಿಂದ ಚುಚ್ಚೋದು?" ಎಂದು ಪಿಸುಗುಟ್ಟಿದ.

ಮುಟ್ಟಲು ಮಾತ್ರ ಸರ್ಟಿಫಿಕೇಟ್ ಬೇಕು, ಹೇಳಿಕೊಡಲು ಬೇಕಿಲ್ಲ ಎಂದು ಗುರುಬಸಪ್ಪನವರು ಸ್ಪಷ್ಟಪಡಿಸಿದರು. ಇಂಚರ ಕೈಕಟ್ಟಿ ನಿಂತು ಹೇಳಿಕೊಡತೊಡಗಿದಳು. ಗುಂಡಣ್ಣನವರಿಗೆ ನೋವಿನ ನಡುವೆಯೂ ಅವಳನ್ನು ಕಂಡು ಅಯ್ಯೋ ಅನಿಸಿತು.

"ಬೇಜಾರು ಮಾಡ್ಕೋಬೇಡಿ ಮೇಡಂ. ಮುಂದಿನ್ಸಲ ಚೆನ್ನಾಗಿ ಓದ್ಕೊಂಡು ಬನ್ನಿ."

"ಆಯ್ತು ಸಾರ್," ಎಂದಳು ಇಂಚರ. "ಇನ್ನೂ ಸ್ವಲ್ಪ ಎಡಕ್ಕೆ, ವಿಶ್ರುತ್."