ನಾಲಿಗೆ ರಜೆ ಹಾಕಿದ ಐದು ತಿಂಗಳು

ಕೀಮೋ ಎಂದರೆ ಸಾಕು, ಜನ ದನಿ ತಗ್ಗಿಸಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನಮ್ಮ ಮನೆಗೆ ಮಾತ್ರ ಅದು ಪ್ರತಿ ಸಲವೂ ಒಂದಿಲ್ಲೊಂದು ಫಜೀತಿಯನ್ನು ಜೊತೆಗೇ ಕರೆದುಕೊಂಡು ಬರುತ್ತಿತ್ತು. ಅಳಬೇಕೆಂದು ಕೂತರೂ ಅಳಲು ಪುರಸೊತ್ತು ಸಿಗಲಿಲ್ಲ.

ನಾನು ಧಾರವಾಡದ ಕಡೆಯವಳು, ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದು ಮೂವತ್ತು ವರ್ಷವಾಯಿತು. ಮನೆಯಲ್ಲೇ ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿ ಮಾಡಿ ಆರ್ಡರಿನ ಮೇಲೆ ಕೊಡುತ್ತೇನೆ. ಯಜಮಾನರು ಮಹಾಪೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದು ರಿಟೈರ್ ಆದವರು. ಮೊದಲ ಕೀಮೋ ಆದ ನಾಲ್ಕನೇ ದಿನ ನನ್ನ ಬಾಯಿರುಚಿ ಪೂರ್ತಿ ಹೋಯಿತು. ಏನು ತಿಂದರೂ ಸ್ಟೀಲ್ ಚಮಚ ನೆಕ್ಕಿದ ಹಾಗೆ. ಕೂದಲೂ ಬರುತ್ತದೆ, ರುಚಿಯೂ ಬರುತ್ತದೆ ಎಂದರು ಡಾಕ್ಟರಮ್ಮ. ಯಾವಾಗ ಎಂದು ಹೇಳಲಿಲ್ಲ. ರೋಗದ ಚಿಂತೆಯನ್ನು ಅವರಿಗೇ ಬಿಟ್ಟೆ. ಕೂದಲಿಲ್ಲದೆ ರೊಟ್ಟಿ ಬಡಿಯಬಹುದು, ನಾಲಿಗೆಯಿಲ್ಲದೆ ಅಡುಗೆ ಮಾಡುವವಳು ಏನು ಮಾಡಬೇಕು? ನನ್ನನ್ನು ಕಾಡಿದ್ದು ಅದೊಂದೇ ಹೆದರಿಕೆ.

ಪ್ರಸಾದ

ಕೂದಲು ಉದುರತೊಡಗಿದಾಗ ಪೂರ್ತಿ ಬೋಳಿಸಿಬಿಟ್ಟೆ. ಮರುದಿನ ಮೆಟ್ಟಿಲ ಮೇಲೆ ಮೇಲ್ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಎದುರಾದರು. ನನ್ನ ತಲೆ ನೋಡಿದ್ದೇ ಕೈಮುಗಿದು, "ಅರೆ ವಾ! ತಿರುಪತಿಗೆ ಹೋಗಿ ಬಂದ್ರಾ? ನಮಗೊಂದು ಮಾತು ಹೇಳಲಿಲ್ಲ. ಇರಲಿ, ಪ್ರಸಾದದ ಲಾಡು ಎಲ್ಲಿ?" ಎಂದರು.

"ತಿರುಪತಿ ಅಲ್ಲ ಕಾಕು, ಕೀಮೋ ನಡೀತಾ ಇದೆ" ಎಂದೆ.

ಅವರ ಮುಖ ಬಿಳಿಚಿಕೊಂಡಿತು. ಸರಕ್ಕನೆ ತಿರುಗಿ ಮೇಲೆ ಹೋದರು. ಛೆ, ಪಾಪ, ಸುಮ್ಮನೆ ಹೆದರಿಸಿಬಿಟ್ಟೆನಲ್ಲ ಎಂದುಕೊಂಡೆ. ಹತ್ತು ನಿಮಿಷಕ್ಕೆ ಬಾಗಿಲು ಬಡಿದರು. ಕೈಯಲ್ಲಿ ಒಂದು ಡಬ್ಬಿ, ಒಳಗೆ ಮನೆಯಲ್ಲೇ ಮಾಡಿದ ಡಿಂಕಿನ ಲಾಡು, ನಮ್ಮ ಕಡೆಯ ಅಂಟಿನುಂಡೆ.

"ತಗೊಳ್ಳಿ. ತಲೆ ಬೋಳಿಸಿದ ಮೇಲೆ ಯಾರಾದ್ರೂ ಒಬ್ಬರು ಲಾಡು ಹಂಚಲೇಬೇಕಲ್ಲ!"

ಪಾಸು

ಆಸ್ಪತ್ರೆ ನವಿ ಮುಂಬಯಿಯಲ್ಲಿ. ಠಾಣೆಯವರೆಗೆ ಒಂದು ಲೋಕಲ್ ರೈಲು, ಅಲ್ಲಿಂದ ವಾಶಿಗೆ ಇನ್ನೊಂದು. ಅಂಗವಿಕಲರ ಬೋಗಿಯನ್ನು, ಇಲ್ಲಿಯವರ ಮಾತಿನಲ್ಲಿ ಡಬ್ಬವನ್ನು, ಕ್ಯಾನ್ಸರ್ ರೋಗಿಗಳೂ ಹತ್ತಬಹುದು. ಹತ್ತಿದೆವು. ಬಾಗಿಲಲ್ಲಿ ಒರಗಿ ನಿಂತಿದ್ದ ಗಟ್ಟಿಮುಟ್ಟಾದ ಮನುಷ್ಯನೊಬ್ಬ, "ಈ ಡಬ್ಬ ನಿಮಗಲ್ಲ, ಸರ್ಟಿಫಿಕೇಟ್ ತೋರಿಸಿ" ಎಂದು ಜಬರಿಸಿದ.

ಯಜಮಾನರು ಚೀಲಕ್ಕೆ ಕೈಹಾಕಿದರು. ಜನ್ಮವಿಡೀ ಸ್ಟೋರ್ ಕಾದವರು, ಯಾವ ಕಾಗದವನ್ನೂ ಎಸೆಯುವವರಲ್ಲ. ಕರೆಂಟ್ ಬಿಲ್ಲು ಬಂತು, ಮಿಕ್ಸರಿನ ಗ್ಯಾರಂಟಿ ಕಾರ್ಡು ಬಂತು, ನಮ್ಮ ಮದುವೆಯ ಕರೆಯೋಲೆ ಕೂಡ ಬಂತು. ಸರ್ಟಿಫಿಕೇಟ್ ಮಾತ್ರ ಬರಲಿಲ್ಲ. ನನಗೆ ನಿಲ್ಲಲು ಶಕ್ತಿಯಿರಲಿಲ್ಲ. ತಲೆಗೆ ಕಟ್ಟಿದ್ದ ಸ್ಕಾರ್ಫನ್ನು ಸರ್ರನೆ ಎಳೆದುಬಿಟ್ಟೆ.

ಇಡೀ ಡಬ್ಬ ಎದ್ದು ನಿಂತಿತು. ಊರುಗೋಲು ಹಿಡಿದ ಅಜ್ಜ ಕೂಡ ಏಳಲು ಹೊರಟರು, ಅವರನ್ನು ನಾನೇ ಹಿಡಿದು ಕೂಡಿಸಿದೆ. ಸರ್ಟಿಫಿಕೇಟ್ ಕೇಳಿದವನು, ಅವನಂಥ ಇನ್ನಿಬ್ಬರು, ಮುಂಬ್ರಾ ಸ್ಟೇಷನ್ ಬಂದದ್ದೇ ತಡ, ತಲೆ ತಗ್ಗಿಸಿ ಇಳಿದು ಪಕ್ಕದ ಡಬ್ಬಕ್ಕೆ ಓಡಿದರು. ರೈಲ್ವೆ ಪೊಲೀಸರಿಗೆ ಆಗದ ಕೆಲಸ ನನ್ನ ಬೋಳುತಲೆ ಮಾಡಿತು.

ಉಪ್ಪು ನೋಡುವ ಕೆಲಸ

ಮೂರನೇ ಕೀಮೋ ಹೊತ್ತಿಗೆ ಪಕ್ಕದೂರು ಕಲ್ಯಾಣದ ಹಳೇ ಗಿರಾಕಿಯೊಬ್ಬರು ಮೊಮ್ಮಗನ ನಾಮಕರಣಕ್ಕೆ ಇಪ್ಪತ್ತೈದು ಎಣ್ಣೆಗಾಯಿ ಬೇಕೆಂದರು. ನಿಮಗೆ ಆಗುವುದಿದ್ದರೆ ಮಾತ್ರ ಎಂದೂ ಸೇರಿಸಿದರು. ಆ ಮಾತಿಗೇ ಹಠ ಬಂದು ಒಪ್ಪಿಕೊಂಡೆ. ಕೈಗೆ ಅಳತೆ ಗೊತ್ತು, ಆದರೆ ಉಪ್ಪು ನೋಡುವವರು ಯಾರು? ಯಜಮಾನರನ್ನು ಕೂಡಿಸಿದೆ.

ಒಂದು ಬದನೆಕಾಯಿ ತಿಂದರು. ಕಣ್ಣು ಮುಚ್ಚಿದರು. "ಇನ್ನೂ ತಿಳೀಲಿಲ್ಲ, ಇನ್ನೊಂದು ಹಾಕು."

ಎರಡನೆಯದಕ್ಕೆ ಅನುಮಾನ, ಮೂರನೆಯದಕ್ಕೆ ರೊಟ್ಟಿ ಬೇಕಾಯಿತು. ಐದನೆಯದು ಮುಗಿಸಿ, ಕೈ ತೊಳೆದು, ತೀರ್ಪು ಕೊಟ್ಟರು: "ಉಪ್ಪು ಬರೋಬ್ಬರಿ ಅದ. ಆದ್ರ ಬದನಿಕಾಯಿನ ಕಡಿಮಿ ಬಿದ್ದಾವ ನೋಡು."

ಉಪ್ಪಿಟ್ಟು

ಕೀಮೋ ಆದ ವಾರ ನನಗೆ ಒಗ್ಗರಣೆಯ ವಾಸನೆ ಮೂಗಿಗೆ ಬಡಿದರೂ ವಾಂತಿ. ಹಾಗಾಗಿ ಯಜಮಾನರು ನನ್ನನ್ನು ಹೊರಗೆ ಗ್ಯಾಲರಿಯಲ್ಲಿ ಕೂಡಿಸಿ, ಅಡುಗೆಮನೆ ಬಾಗಿಲು ಹಾಕಿಕೊಂಡು ಉಪ್ಪಿಟ್ಟು ಮಾಡಲು ಶುರುಮಾಡಿದರು. ಅಲ್ಲಿಯವರೆಗೆ ಅವರು ಒಲೆ ಹಚ್ಚಿದ್ದನ್ನು ನಾನು ನೋಡಿದ್ದೇ ಇಲ್ಲ. "ಹೆಂಗಾಗೇದ?" ಎಂದು ಕೇಳುವರು. "ಭಾಳ ಛಲೋ ಆಗೇದ್ರಿ" ಎನ್ನುವೆ. ಸುಳ್ಳೇನಲ್ಲ, ನನಗೆ ಎಲ್ಲವೂ ಒಂದೇ ಚಮಚ. ಅವರು ಮಾತ್ರ ತಮ್ಮ ತಟ್ಟೆಗೆ ಅರ್ಧ ಬಟ್ಟಲು ಚಟ್ನಿಪುಡಿ ಸುರಿದುಕೊಳ್ಳುತ್ತಿದ್ದರು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಆರು ಕೀಮೋ ಮುಗಿದವು. ತಿಂಗಳಾದರೂ ನಾಲಿಗೆಯ ಸುದ್ದಿಯಿಲ್ಲ. ಇನ್ನು ಅಡುಗೆಯ ಬೋರ್ಡು ಇಳಿಸಿಬಿಡೋಣ ಎಂದು ಒಳಗೊಳಗೇ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಉಪ್ಪಿಟ್ಟಿನ ತುತ್ತು ಬಾಯಿಗಿಟ್ಟರೆ, ಉಪ್ಪು! ಸಮುದ್ರದಷ್ಟು ಉಪ್ಪು. ಅದರ ಹಿಂದೆ ಸೀದ ಸಾಸಿವೆ, ಹಸಿ ರವೆ, ಜೀರಿಗೆಯೆಂದು ಹಾಕಿದ್ದ ಸೋಂಪು. ಒಂದೊಂದೂ ಬೇರೆಬೇರೆಯಾಗಿ ತಿಳಿಯಿತು. ನನಗೆ ಅಳುವೇ ಬಂತು.

"ಯಾಕ, ಏನಾತು?" ಎಂದು ಗಾಬರಿಯಾದರು.

"ರುಚಿ ತಿಳೀಲಿಕ್ಕತ್ತದರಿ!"

ಅವರು ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಅಷ್ಟು ಕೆಟ್ಟ ಉಪ್ಪಿಟ್ಟನ್ನು ನಾನು ಹುಟ್ಟಿದಾಗಿನಿಂದ ತಿಂದಿಲ್ಲ. ಅಷ್ಟು ಸಂತೋಷದಿಂದಲೂ ತಿಂದಿಲ್ಲ. ಐದು ತಿಂಗಳು ಬೇಸರಿಸದೆ ಮಾಡಿ ಹಾಕಿದ ಕೈಯದು ಎಂದು ತಟ್ಟೆ ನೆಕ್ಕಿ, ಇನ್ನೊಂದು ಸಲ ಹಾಕಿಸಿಕೊಂಡೆ.

ಅದೇ ತಪ್ಪಾಯಿತು. ಅವರು ಗದಗಿನ ತಮ್ಮನಿಗೂ ಮೇಲ್ಮನೆಯ ಕಾಕುಗೂ, "ಡಾಕ್ಟರ್ ಕೈಲಿ ಆಗಲಿಲ್ಲ, ನನ್ನ ಉಪ್ಪಿಟ್ಟಿನಿಂದ ಆಕಿ ನಾಲಿಗಿ ವಾಪಸ್ ಬಂತು" ಎಂದು ಸಾರಿದರು. ಅವತ್ತಿನಿಂದ ದಿನವೂ ಬೆಳಿಗ್ಗೆ ಎಂಟಕ್ಕೆ ಅವರದೇ ಉಪ್ಪಿಟ್ಟು. ಬೇಡ ಎನ್ನಲು ನನಗೆ ಮನಸ್ಸೇ ಬರದು.

ಮೊನ್ನೆ ತಪಾಸಣೆಯಲ್ಲಿ ಡಾಕ್ಟರಮ್ಮ ರಿಪೋರ್ಟುಗಳನ್ನೆಲ್ಲ ನೋಡಿ, ಎಲ್ಲ ಚೆನ್ನಾಗಿದೆ, ಇನ್ನೂ ಏನಾದರೂ ಸೈಡ್ ಎಫೆಕ್ಟ್ ಉಳಿದಿದೆಯೇ ಎಂದು ಕೇಳಿದರು.

"ಒಂದು ಉಳಿದಿದೆ ಡಾಕ್ಟರ್" ಎಂದೆ. "ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬರುತ್ತೆ, ಅರ್ಧ ಗಂಟೆ ಇರುತ್ತೆ."

ಪಕ್ಕದಲ್ಲಿದ್ದ ಯಜಮಾನರು ನನ್ನ ಕೈ ಹಿಡಿದುಕೊಂಡರು. "ಅಯ್ಯ, ನನಗ್ಯಾಕ ಹೇಳಿಲ್ಲ ಇಷ್ಟ ದಿನ? ಇರಲಿ, ಹೆದರಬ್ಯಾಡ. ನಾಳಿಂದ ಉಪ್ಪಿಟ್ಟು ಏಳಕ್ಕ ಮಾಡ್ತೀನಿ."